ಬಾವಿಯನ್ನು ಊಟಕ್ಕೆ ಕರೆದ ಕಾಕು

ಕಾಕುವಿನ ಕತ್ತಿನ ಬುಡದಲ್ಲಿ ಅಡ್ಡಕ್ಕೆ ಒಂದು ಬಿಳಿ ಗೆರೆ ಇತ್ತು. ಥೈರಾಯ್ಡ್ ಆಪರೇಷನ್ನಿನ ಗುರುತು. ಅವರು ಮಾತಾಡುವಾಗ ಆ ಗೆರೆ ಮೇಲೆ ಕೆಳಗೆ ಸರಿಯುತ್ತಿತ್ತು. ಹೊಸಬರ ಕಣ್ಣು ಮುಖ ಬಿಟ್ಟು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಅದು ಗೊತ್ತಿದ್ದೂ ಕಾಕು ಸೆರಗೆಳೆದು ಮುಚ್ಚಿಕೊಂಡವರಲ್ಲ. "ನೋಡ್ರಿ, ನೋಡ್ರಿ, ಹೊಲಿಗಿ ಛಂದ ಹಾಕ್ಯಾರ" ಎಂದು ತಾವೇ ಗದ್ದ ಎತ್ತಿ ತೋರಿಸುತ್ತಿದ್ದರು.

ಆ ಗೆರೆಯ ಹಿಂದಿನಿಂದ ಬರುತ್ತಿದ್ದದ್ದು ಒಂದು ದನಿಯಲ್ಲ, ಒಂದರ ಕೆಳಗೊಂದು ಎರಡು. ಮೇಲಿನದು ಒಡೆದು ಗೊರಗೊರ ಅನ್ನುವ ಹೆಂಗಸಿನ ದನಿ. ಕೆಳಗಿನದು ಪಕ್ಕದ ಕೋಣೆಯಲ್ಲಿ ಯಾರೋ ಗಂಡಸು ಗುನುಗುತ್ತಿರುವಂಥದ್ದು. ಆಪರೇಷನ್ನಿಗೆ ಮೊದಲು ಅವರು ನಮ್ಮ ಬಡಾವಣೆಯ ಕನ್ನಡ ಭಜನಾ ಮಂಡಳಿಯ ಮುಂದಿನ ಸಾಲಿನಲ್ಲಿ ಕುಳಿತು ಹೇಳಿಕೊಡುತ್ತಿದ್ದವರಂತೆ. ಆಮೇಲೆ ಶ್ರುತಿ ನಿಲ್ಲಲಿಲ್ಲ. ಡಾಕ್ಟರು ಮೊದಲೇ ಹೇಳಿದ್ದರು, ದನಿ ಬದಲಾಗಬಹುದು ಅಂತ. ಮಂಡಳಿಯವರು ಯಾರೂ ಏನೂ ಅನ್ನಲಿಲ್ಲ, ಒಂದು ಗುರುವಾರ ಅವರ ಕೈಗೆ ತಾಳ ಕೊಟ್ಟು ಹಿಂದಿನ ಸಾಲಿನಲ್ಲಿ ಜಾಗ ಬಿಟ್ಟರು, ಅಷ್ಟೆ.

ನಾನು ಅವರನ್ನು ಕಂಡದ್ದು ಅದಾದ ಮೇಲೆ. ಹೈದರಾಬಾದಿನ ನಾರಾಯಣಗೂಡದ ಹಳೆಯ ಮನೆಯೊಂದರ ಕೆಳಗಿನ ಎರಡು ಕೋಣೆಯಲ್ಲಿ ಅವರು, ಮೇಲಿನ ಒಂದೇ ಕೋಣೆಯಲ್ಲಿ ನಾನು, ಇಬ್ಬರೂ ಬಾಡಿಗೆಯವರು. ಅವರದು ವಿಜಯಪುರದ ಕಡೆ. ಗಂಡ ಇಲ್ಲಿನ ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಇದ್ದು, ನಿವೃತ್ತರಾಗಿ, ತೀರಿಕೊಂಡಿದ್ದರು. ಒಬ್ಬಳೇ ಮಗಳು, ಮಿಯಾಪುರದ ಅಪಾರ್ಟ್‌ಮೆಂಟಿನಲ್ಲಿ. ನನ್ನದು ಹಾಸನದ ಕಡೆ. ತೆಲುಗು ಸಿನಿಮಾ, ಸೀರಿಯಲ್ಲುಗಳನ್ನು ಕನ್ನಡಕ್ಕೆ ಡಬ್ ಮಾಡುವಾಗ ಸಂಭಾಷಣೆ ಬರೆಯುವುದು ನನ್ನ ಕೆಲಸ. 'ಕಾಕು' ಅನ್ನುವುದು ಅವರ ಕಡೆ ಚಿಕ್ಕಮ್ಮನನ್ನು, ಚಿಕ್ಕಮ್ಮನಂಥ ಯಾರನ್ನೇ ಆಗಲಿ, ಕರೆಯುವ ಮಾತು. ಬಂದ ವಾರದಲ್ಲೇ ನನಗೂ ಅವರು ಕಾಕು ಆದರು. ನಾನು ಅವರಿಗೆ 'ರೈಟರ್' ಆದೆ.

"ಏ ರೈಟರ್, ಊಟಾತೇನೋ?" ದಿನಕ್ಕೆರಡು ಸಲ ಮೆಟ್ಟಿಲ ಬುಡದಿಂದ ಆ ಎರಡು ದನಿ ಒಟ್ಟಿಗೆ ಮೇಲೇರಿ ಬರುತ್ತಿದ್ದವು.

ಕಾಕುವಿನ ಮೇಲೆ ನನಗೆ ಹೊಟ್ಟೆಕಿಚ್ಚು ಯಾವಾಗ ಶುರುವಾಯಿತೆಂದು ಕೇಳಿದರೆ, ಮುಂದೆ ಹೇಳುವ ಸಿನಿಮಾಕ್ಕೂ ಮೊದಲೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಕಾಕು ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ತೆಲುಗನ್ನು ಓದಲು ಕಲಿತದ್ದು ಬಸ್ಸಿನ ಕಿಟಕಿಯಲ್ಲಿ ಕೂತು ಅಂಗಡಿ ಬೋರ್ಡುಗಳನ್ನು ನೋಡಿ. "ನಮ್ಮ ಅಕ್ಷರಾನ, ತಲಿಕಟ್ಟು ಬ್ಯಾರೆ ಬಾಚ್ಯಾರ" ಅನ್ನುತ್ತಿದ್ದರು. ಅವರ ಪಕ್ಕದಲ್ಲಿ ಕೂತರೆ ನಾರಾಯಣಗೂಡದಿಂದ ಕೋಠಿಯವರೆಗೆ ಒಂದು ಬೋರ್ಡೂ ತಪ್ಪುತ್ತಿರಲಿಲ್ಲ, ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದರು. ತರಕಾರಿಯವನ ಜೊತೆ ತೆಲುಗು, ಆಟೋದವನ ಜೊತೆ ದಖ್ಖನಿ ಉರ್ದು, ನನ್ನ ಜೊತೆ ಕನ್ನಡ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಅವರಿಗೆ ಹೊಸ್ತಿಲೇ ಸಿಗುತ್ತಿರಲಿಲ್ಲ. ನಾನು ಕನ್ನಡ ಎಂ.ಎ. ಓದಿದವನು, ಎರಡು ಕವನ ಸಂಕಲನ ತಂದವನು. ಆದರೂ ಕಾಕು ಸುಮ್ಮನೆ ಬಾಯಿಗೆ ಬಂದಂತೆ ಆಡಿದ ಮಾತಿನ ಎದುರು ನಾನು ಬರೆದದ್ದು ಇಸ್ತ್ರಿ ಮಾಡಿಟ್ಟ ಬಟ್ಟೆಯ ಹಾಗೆ ಕಾಣುತ್ತಿತ್ತು. ಅವರ ಮಾತುಗಳನ್ನು ಕದ್ದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಬರೆಯುತ್ತಿದ್ದಾಗ ಖುಷಿಯಾಗುತ್ತಿರಲಿಲ್ಲ.

ಆ ವರ್ಷ ಡಬ್ಬಿಂಗಿಗೆಂದು ನನ್ನ ಕೈಗೆ ಒಂದು ದೆವ್ವದ ಸಿನಿಮಾ ಬಂತು. ಗಚ್ಚಿಬೌಲಿಯಲ್ಲಿ ಐಟಿ ಕೆಲಸ ಬಿಟ್ಟು ಬಂದ ತೆಲುಗಿನ ಹುಡುಗನೊಬ್ಬ ಅದರ ನಿರ್ದೇಶಕ. ಗೆಳೆಯರೇ ನಟರು, ಅಕ್ಕನ ಗಂಡನೇ ನಿರ್ಮಾಪಕ. ಕಥೆ ಇಷ್ಟು: ದಾರಿ ತಪ್ಪಿ ಒಂದು ಹಳ್ಳಿಗೆ ಬರುವ ಯುವಕನನ್ನು ಊರಿನವರು ಆದರದಿಂದ ಕಾಣುತ್ತಾರೆ. ಆ ಊರಿನದು ಒಂದು ಗುಪ್ತ ಪಂಥ. ಊರಾಚೆಯ ಪಾಳುಬಾವಿಯೇ ಅವರ ದೇವರು. ವರ್ಷಕ್ಕೊಮ್ಮೆ ಒಬ್ಬ ಪರಊರಿನವನನ್ನು ಅದಕ್ಕೆ ಕೊಡಬೇಕು. ಬಾವಿಯೊಳಗಿನ ಪ್ರಾಣಿಯನ್ನು ತೋರಿಸಲು ಅವರಲ್ಲಿ ದುಡ್ಡಿರಲಿಲ್ಲ, ಆದ್ದರಿಂದ ತೋರಿಸಿರಲಿಲ್ಲ. ಪಂಥದವರ ಮುಖವಾಡಕ್ಕೂ ದುಡ್ಡಿರಲಿಲ್ಲ. ಅಕ್ಕಿ ಮೂಟೆಯ ಗೋಣಿಚೀಲಗಳನ್ನು ಒಳಮಗ್ಗುಲು ಹೊರಗೆ ಮಾಡಿ ತಲೆಗೆ ಹಾಕಿದ್ದರು. ಒಂದು ಶಾಟ್‌ನಲ್ಲಿ ಸೂಕ್ಷ್ಮವಾಗಿ ನೋಡಿದರೆ 'ಸೋನಾ ಮಸೂರಿ' ಎಂದು ತಿರುಗುಮುರುಗಾಗಿ ಕಾಣುತ್ತಿತ್ತು.

ಆದರೆ ಆ ಗೋಣಿಚೀಲವೇ ನನ್ನ ಭಾಗ್ಯವಾಯಿತು. ಡಬ್ಬಿಂಗ್ ಬರವಣಿಗೆಯೆಂದರೆ ತುಟಿಗೆ ತುಟಿ ಕೂಡಿಸುವ ಕೆಲಸ. ತೆಲುಗಿನವನ ಬಾಯಿ ಮುಚ್ಚಿದಾಗ ಕನ್ನಡದ ಮಾತಿನಲ್ಲೂ ಬಾಯಿ ಮುಚ್ಚಬೇಕು, ತೆರೆದಾಗ ತೆರೆಯಬೇಕು. ನಮಗೆ ಬೇಕಾದ ಮಾತನ್ನಲ್ಲ, ಆ ತುಟಿ ಒಪ್ಪುವ ಮಾತನ್ನು ಬರೆಯಬೇಕು. ಈ ಪಂಥದವರಿಗೆ ತುಟಿಯೇ ಇರಲಿಲ್ಲ! ಬಾವಿಯ ಸುತ್ತ ಅವರು ಹೇಳುವ ಮಂತ್ರ ಪೂರ್ತಿ ನನ್ನದು. "ಸರ್, ಫ್ರೀಗಾ ರಾಯಂಡಿ" ಎಂದ ನಿರ್ದೇಶಕ, ನಿಮಗೆ ತೋಚಿದಂತೆ ಬರೆಯಿರಿ ಅಂತ. ತೆಲುಗಿನ ಮೂಲದಲ್ಲಿ ಅವನು ಸುಮ್ಮನೆ ಹೂಂಕಾರ ಹಾಕಿಸಿದ್ದ. ಎಂಟು ವರ್ಷದಲ್ಲಿ ಮೊದಲ ಬಾರಿ ನಾನು ಯಾರ ತುಟಿಯನ್ನೂ ನೋಡದೆ ಬರೆಯಲು ಕೂತೆ. ಹಳಗನ್ನಡದ ಪುಸ್ತಕಗಳನ್ನು ತೆಗೆದೆ. ಹದಿನೈದು ದಿನ ತಿದ್ದಿದೆ.

"ಹೇ ತಮೋಗರ್ಭವಾಸಿ! ಕ್ಷುಧಾಗ್ನಿರೂಪಿ! ಏಳು, ಈ ಶೋಣಿತ ನೈವೇದ್ಯವನ್ನು ಸ್ವೀಕರಿಸು!" ಹೀಗೆ ಇಪ್ಪತ್ನಾಲ್ಕು ಸಾಲು. ಬರೆದು ಮುಗಿಸಿದ ದಿನ ಕೋಣೆಯಲ್ಲಿ ಒಬ್ಬನೇ ಎದ್ದುನಿಂತು ಓದಿ, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಂತ್ರ ಹೇಳಲು ಐದಾರು ವಯಸ್ಸಾದ ಹೆಂಗಸರ ದನಿ ಬೇಕಿತ್ತು. ಹೈದರಾಬಾದಿನಲ್ಲಿ ಕನ್ನಡದ ಮುದುಕಿಯರನ್ನು ಡಬ್ಬಿಂಗಿಗೆ ಎಲ್ಲಿಂದ ತರುವುದು? ನಾನೇ ಹೋಗಿ ಭಜನಾ ಮಂಡಳಿಯ ಮುಖ್ಯಸ್ಥೆಯನ್ನು ಕೇಳಿದೆ. ಸಿನಿಮಾ ಅಂದಕೂಡಲೇ ಅವರೂ ಸೇರಿ ನಾಲ್ಕು ಜನ ತಯಾರಾದರು. ಐದನೆಯವರಾಗಿ ಕಾಕುವನ್ನು ನಾನೇ ಸೇರಿಸಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಎಷ್ಟೋ ಸಲ ನನ್ನನ್ನು ನಾನೇ ಬೈದುಕೊಂಡದ್ದು ಇದಕ್ಕೇ.

ಕೃಷ್ಣಾನಗರದ ಒಂದು ಫ್ಲ್ಯಾಟಿನ ಹಾಲಿಗೆ ಗೋಡೆ ತುಂಬ ಸ್ಪಂಜು ಅಂಟಿಸಿ ಸ್ಟುಡಿಯೋ ಮಾಡಿದ್ದರು. ರೆಕಾರ್ಡಿಂಗ್ ಹೊತ್ತಿನಲ್ಲಿ ಸದ್ದಾಗುತ್ತದೆಂದು ಎ.ಸಿ. ಬಂದ್. ಏಪ್ರಿಲ್ ತಿಂಗಳ ಬೆಳಗ್ಗೆ ಹನ್ನೊಂದು ಗಂಟೆ. ಐವರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆವರುತ್ತಾ ಪರದೆಯ ಮೇಲಿನ ಗೋಣಿಚೀಲದ ತಲೆಗಳನ್ನು ನೋಡಿದರು. "ಮನಿಗಿ ಹೋಗಿ ತಲಿಮ್ಯಾಲೆ ನೀರ ಹಾಕ್ಕೋಬೇಕವ್ವ" ಎಂದರು ಮುಖ್ಯಸ್ಥೆ. ಆಮೇಲೆ ನನ್ನ ಹಾಳೆ ಹಿಡಿದು ಓದಿದರು. ಎಲ್ಲ ಸ್ಪಷ್ಟ, ಎಲ್ಲ ಶುದ್ಧ, ಸತ್ಯನಾರಾಯಣ ಪೂಜೆಯ ಸಂಕಲ್ಪದ ಹಾಗೆ. ಗಾಜಿನ ಆಚೆ ನಿರ್ದೇಶಕ ತಲೆ ಕೆರೆದುಕೊಂಡ. ಮತ್ತೊಮ್ಮೆ ಮಾಡಿಸಿದ, ಮಗದೊಮ್ಮೆ ಮಾಡಿಸಿದ. "ಭಯಂ ರಾವಟ್ಲೇದು ಸರ್." ಭಯ ಬರುತ್ತಿಲ್ಲ ಅಂತ.

ಹಿಂದೆ ನಿಂತಿದ್ದ ಕಾಕು ಹಾಳೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು.

"ರೈಟರ್, ಈ ಶೋಣಿತ ಅಂದ್ರೇನೋ?"

"ರಕ್ತ, ಕಾಕು."

"ರಕ್ತ ಅಂತನ ಬರೀಬಾರದೇನು? ಇರಲಿ. ಇವ್ರು ಈ ಬಾವ್ಯಾಗಿನ ದೇವ್ರಿಗಿ ಹೆದರಿದವ್ರೋ, ಅದರ ಮ್ಯಾಲೆ ಜೀವಾ ಇಟ್ಟವ್ರೋ?"

"ಭಕ್ತರೇ ಕಾಕು. ಆದರೆ ಕ್ರೂರಿಗಳು."

"ಕ್ರೂರಿಗಳು ಅನ್ನೂದು ನಿನಗ ಗೊತ್ತು. ಅವ್ರಿಗಿ ಗೊತ್ತೈತೇನು?"

ಉತ್ತರಕ್ಕೆ ಕಾಕು ಕಾಯಲಿಲ್ಲ. ಹಾಳೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಖ್ಯಸ್ಥೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೈಕಿನ ಮುಂದೆ ಬಂದರು. ಪರದೆಯ ಮೇಲೆ ಕೈಕಾಲು ಕಟ್ಟಿದ ಯುವಕನನ್ನು ಬಾವಿಯ ಅಂಚಿಗೆ ತರುತ್ತಿದ್ದರು. ಕಾಕು ಬಾವಿಯ ಕಪ್ಪನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕರೆದರು.

"ಬಾರೋ... ಬಾ ನನ್ನಪ್ಪ. ಎಷ್ಟೊತ್ತಾತೋ. ಹಸಿವ್ಯಾಗೇತೇನು? ಬಡಿಸೇನಿ ಬಾ. ಕಾಲ ತೊಳಕೊಂಡ ಬಾ. ಬಿಸೀದೈತಿ. ಆರೂದ್ರಾಗ ಬಾರೋ..."

ಗಟ್ಟಿಯಾಗಿ ಕೂಗಲಿಲ್ಲ. ಹಿತ್ತಿಲ ಬಾಗಿಲಲ್ಲಿ ನಿಂತು, ಆಟಕ್ಕೆ ಹೋದ ಮಗನನ್ನು ಅನ್ನ ಆರುವ ಮೊದಲು ಬಾ ಎಂದು ಕರೆದ ಹಾಗೆ. ಮೇಲಿನ ಒಡಕು ದನಿಯಲ್ಲಿ ಅಕ್ಕರೆ ಇತ್ತು. ಕೆಳಗಿನ ದನಿ ಬಾವಿಯೊಳಗಿಂದಲೇ ಅದಕ್ಕೆ ಓಗೊಟ್ಟಂತಿತ್ತು. 'ಬಿಸೀದೈತಿ' ಅಂದಾಗ ಪರದೆಯ ಮೇಲಿನ ಯುವಕ ಅಳುತ್ತಿದ್ದ. ಸೌಂಡ್ ಇಂಜಿನಿಯರ್ ಚಹಾದ ಕಪ್ಪನ್ನು ಬಾಯಿಗೂ ಮೇಜಿಗೂ ನಡುವೆ ಹಿಡಿದು ಕೂತಿದ್ದ. ನಿರ್ದೇಶಕನಿಗೆ ಒಂದು ಅಕ್ಷರವೂ ಅರ್ಥವಾಗಿರಲಿಲ್ಲ. ಅವನು ಬಾಗಿಲು ತಳ್ಳಿಕೊಂಡು ಒಳಗೆ ಓಡಿಬಂದ.

"ಅಮ್ಮಾ! ಇದೇ ನಾಕು ಕಾವಾಲ್ಸಿಂದಿ! ಇಂಕೊಕ್ಕಸಾರಿ, ಪ್ಲೀಸ್!"

ಅವನಿಗೆ ಬೇಕಾದದ್ದು ಅದೇ ಆಗಿತ್ತು. ಇನ್ನೊಮ್ಮೆ ಮಾಡಿಸಿದ, ನಾಲ್ಕು ಸಲ ಮಾಡಿಸಿದ. ಉಳಿದ ನಾಲ್ವರಿಗೆ ಹಿಂದಿನಿಂದ 'ಬಾರೋ ಬಾ' ಎಂದಷ್ಟೇ ಅನ್ನಲು ಹೇಳಿದ. ತೆಲುಗು ಆವೃತ್ತಿಯಲ್ಲೂ ಇದನ್ನೇ, ಕನ್ನಡದಲ್ಲೇ, ಇಟ್ಟುಕೊಳ್ಳುತ್ತೇನೆ, ಕೊನೆಗೆ ಅಮ್ಮನ ಹೆಸರನ್ನೂ ಹಾಕಿಸುತ್ತೇನೆ ಎಂದ. ನನ್ನ ಇಪ್ಪತ್ನಾಲ್ಕು ಸಾಲು ಕಾಕುವಿನ ಸೊಂಟದಲ್ಲಿ ಬೆವರಿಗೆ ಒದ್ದೆಯಾಗುತ್ತಿತ್ತು.

ಮರಳುವಾಗ ಮೆಟ್ರೋದಲ್ಲಿ ಕೇಳಿದೆ, ಅದೆಲ್ಲಿಂದ ಬಂತು ಅಂತ. ಕೇಳಿದ ರೀತಿಯಲ್ಲಿ ಸ್ವಲ್ಪ ಆಪಾದನೆಯೂ ಇತ್ತೆಂದು ಕಾಣುತ್ತದೆ.

"ನಮ್ಮತ್ತಿ ಹಂಗ ಕರೀತಿದ್ಳೋ" ಎಂದರು ಕಾಕು. "ನಮ್ಮ ಮನಿಯವರ ಅಣ್ಣ ಒಬ್ಬಾಂವ ಸಣ್ಣಾಂವಿದ್ದಾಗ ತೀರಿ ಹೋಗಿದ್ದ. ಅತ್ತಿಗಿ ವಯಸ್ಸಾಗಿ ಬುದ್ಧಿ ಜಾರಿದ ಮ್ಯಾಲೆ, ದಿನಾ ಮಧ್ಯಾಹ್ನ ಬಾಗಲದಾಗ ನಿಂತು ಅವನ್ನ ಊಟಕ್ಕ ಕರಿಯೂದು. ನಾಕು ವರ್ಷ ಕೇಳೀನಿ. ಅಕಿ ಅತ್ತು ಕರದಿದ್ರ ನಂಗೇನೂ ಅನಸ್ತಿದ್ದಿಲ್ಲ. ನಕ್ಕೋಂತ ಕರೀತಿದ್ಳು ನೋಡು, ಕೈಕಾಲು ತಣ್ಣಗಾಗತಿದ್ವು."

ನನಗೆ ಮರುಕ ಬರಬೇಕಿತ್ತು. ಬರಲಿಲ್ಲ. ಅಂಥ ಅತ್ತೆಯೊಬ್ಬಳು ನನಗಿರಲಿಲ್ಲವಲ್ಲ ಅನ್ನಿಸಿತು. ಬದುಕಿನಲ್ಲಿ ಅವರಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ, ಸಿಕ್ಕಿದ್ದರೆ ನಾನೂ ಬರೆಯುತ್ತಿದ್ದೆ ಎಂದು ಅಮೀರ್‌ಪೇಟೆ ಬರುವವರೆಗೂ ಲೆಕ್ಕ ಹಾಕುತ್ತಿದ್ದೆ. ಕಾಕು ಕಿಟಕಿಯಾಚೆಯ ಬೋರ್ಡುಗಳನ್ನು ಓದುವುದರಲ್ಲಿ ಮಗ್ನರಾಗಿದ್ದರು. ಆ ದಿನ ದನಿ ಸ್ವಲ್ಪ ಜೋರಾಗಿಯೇ ಇತ್ತು.

ಎರಡು ತಿಂಗಳ ಬಳಿಕ ನಿರ್ದೇಶಕ ಫೋನ್ ಮಾಡಿ, ಕೊನೆಯಲ್ಲಿ ಬರುವ ಕನ್ನಡದ ಹೆಸರುಗಳ ಪಟ್ಟಿಯನ್ನು ಟೈಪ್ ಮಾಡಿ ಕಳಿಸಲು ಹೇಳಿದ. ಅವನಿಗೆ ಲಿಪಿ ಬಾರದು. "ಅಮ್ಮ ಪೇರು ಪೆಟ್ಟಂಡಿ ಸರ್, ಮರ್ಚಿಪೋಕಂಡಿ" ಎಂದೂ ಹೇಳಿದ. ಅಮ್ಮನ ಹೆಸರು ಹಾಕಿ, ಮರೆಯಬೇಡಿ ಅಂತ.

ನಾನು ಮರೆಯಲಿಲ್ಲ. ಮರೆತಿದ್ದೆ ಎಂದು ಬರೆದರೆ ಈ ಬರಹಕ್ಕೆ ಅರ್ಥವಿಲ್ಲ. 'ಸಂಭಾಷಣೆ ಮತ್ತು ಮಂತ್ರ ರಚನೆ' ಎಂದು ಟೈಪ್ ಮಾಡಿ ಮುಂದೆ ನನ್ನ ಹೆಸರು ಹಾಕಿದೆ. ಕೆಳಗೆಲ್ಲೋ 'ಗುಂಪಿನ ದನಿಗಳು: ಭಜನಾ ಮಂಡಳಿಯ ಸದಸ್ಯೆಯರು' ಎಂದು ಒಂದು ಸಾಲು. ಕಾಕುವಿನ ಹೆಸರು ಎಲ್ಲಿಯೂ ಇಲ್ಲ. ಮಂತ್ರ ಬರೆಯುವ ಕೆಲಸ ನನ್ನದು, ಅವರು ಅದನ್ನು ತಮ್ಮ ಬಾಯಿಗೆ ಹೊಂದಿಸಿಕೊಂಡರು, ಅಷ್ಟಕ್ಕೇ ರಚನೆ ಅವರದಾಗುವುದಿಲ್ಲ ಎಂದು ನನಗೆ ನಾನೇ ವಾದ ಮಾಡಿಕೊಂಡೆ. ಕಳಿಸುವ ಬಟನ್ ಒತ್ತುವಾಗ ಕೆಳಗಿನಿಂದ "ಊಟಾತೇನೋ?" ಎಂದು ಕೇಳಿತು. "ಆಯ್ತು ಕಾಕು" ಎಂದೆ. ಆಗಿರಲಿಲ್ಲ.

ಸಿನಿಮಾ ಒಂದು ಆ್ಯಪ್‌ನಲ್ಲಿ ಬಂತು. ಯಾರೂ ನಿರೀಕ್ಷಿಸದಷ್ಟು ಜನ ನೋಡಿದರು. ಕಥೆಯನ್ನು ಬೈದವರೂ ಬಾವಿಯ ದೃಶ್ಯವನ್ನು ಹೊಗಳಿದರು. ಒಂದು ಸಂಜೆ ಮೆಟ್ರೋದಲ್ಲಿ ನನ್ನೆದುರಿನ ಕಾಲೇಜು ಹುಡುಗಿಯ ಫೋನಿನಿಂದ ಇದ್ದಕ್ಕಿದ್ದಂತೆ ಕಾಕು ಕರೆದರು: "ಬಾರೋ... ಬಾ ನನ್ನಪ್ಪ." ಹುಡುಗಿಯರು ಕಿರುಚಿ ನಕ್ಕರು. ನಮ್ಮ ಬೀದಿಯ ಕೋಚಿಂಗ್ ಸೆಂಟರಿನ ಹುಡುಗರು ಒಬ್ಬರನ್ನೊಬ್ಬರು ಹಾಗೆಯೇ ಕರೆಯತೊಡಗಿದರು. ಅರ್ಥ ಅವರಿಗೆ ಗೊತ್ತಿರಲಿಲ್ಲ. ಬೆಂಗಳೂರಿನಿಂದ ಹಳೆಯ ಸಹಪಾಠಿಗಳು ಫೋನ್ ಮಾಡಿದರು. "ಆ ಮಂತ್ರ ನಿಂದಂತಲ್ಲೋ! ಟೈಟಲ್‌ನಲ್ಲಿ ನೋಡ್ದೆ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ?" ನಾನು ನಕ್ಕೆ. "ಏನೋ, ಬಂತು" ಎಂದೆ. ಹೊಗಳಿಕೆ ಕಿವಿಗೆ ಬೀಳುವಾಗ ಸಿಹಿಯಾಗಿರುತ್ತಿತ್ತು, ಫೋನ್ ಇಟ್ಟಮೇಲೆ ಹೊಟ್ಟೆಕಿಚ್ಚು ಇನ್ನೂ ಹೆಚ್ಚುತ್ತಿತ್ತು. ಜನ ಹೊಗಳುತ್ತಿದ್ದದ್ದು ಅವರನ್ನು.

ಕಾಕು ಒಂದು ಶನಿವಾರ ಮಧ್ಯಾಹ್ನ ಇಡೀ ಮಂಡಳಿಯನ್ನು ಮನೆಗೆ ಕರೆದರು. ಮಗಳು ಮಿಯಾಪುರದಿಂದ ಬಂದು ಟಿವಿಗೆ ಆ್ಯಪ್ ಹಾಕಿಕೊಟ್ಟು, ದೆವ್ವದ ಸಿನಿಮಾ ತನಗಾಗದೆಂದು ಅಡುಗೆಮನೆ ಸೇರಿದಳು. ಹನ್ನೊಂದು ಹೆಂಗಸರು ಚಾಪೆಯ ಮೇಲೆ. ನಾನು ಬಾಗಿಲ ಬಳಿಯ ಸ್ಟೂಲಿನ ಮೇಲೆ. ಬಾವಿಯ ದೃಶ್ಯ ಬಂದಾಗ ಎಲ್ಲರೂ ಪರದೆ ಬಿಟ್ಟು ಕಾಕುವನ್ನೇ ನೋಡಿದರು. ಮುಗಿಯಿತು. ಎದ್ದುಹೋಗುತ್ತಾರೆ ಅಂದುಕೊಂಡಿದ್ದೆ. ಕಾಕು ಕೈಯೆತ್ತಿ, "ತಡೀರಿ, ಹೆಸರು ಬರ್ತಾವು" ಎಂದರು.

ಹೆಸರುಗಳು ಮೇಲೇರಿದವು. ಕಾಕು ಒಂದೊಂದನ್ನೂ ಗಟ್ಟಿಯಾಗಿ ಓದಿದರು. ನನ್ನ ಹೆಸರನ್ನೂ ಓದಿದರು. ಭಜನಾ ಮಂಡಳಿಯ ಸಾಲನ್ನೂ ಓದಿದರು. ಆಮೇಲೆ ಲೈಟ್ ಹಿಡಿದವರು, ಊಟ ಬಡಿಸಿದವರು, ವಾಹನ ಓಡಿಸಿದವರು. ಪರದೆ ಕಪ್ಪಾಯಿತು.

"ನಿನ್ನ ಹೆಸರೆಲ್ಲೈತವ್ವ?" ಮುಖ್ಯಸ್ಥೆ ಕೇಳಿದರು. "ದೊಡ್ಡದಾಗಿ ಬರ್ತೈತಿ ಅಂದಿದ್ದಿ?"

ಕಾಕು ನನ್ನ ಕಡೆ ನೋಡಲಿಲ್ಲ. "ನಾನ ಬ್ಯಾಡ ಅಂದೆ. ಈ ವಯಸ್ಸಿನಾಗ ದೆವ್ವದ ಸಿನಿಮಾದಾಗ ಹೆಸರು ಹಾಕಿಸ್ಕೊಂಡ್ರ ಮಂದಿ ಏನಂತಾರ?" ಎಂದು ನಕ್ಕು, ಚಹಾ ತರಲು ಎದ್ದರು. ಕತ್ತಿನ ಗೆರೆ ಒಮ್ಮೆ ಕೆಳಗಿಳಿದು ಅಲ್ಲೇ ನಿಂತದ್ದನ್ನು ನಾನು ಕಂಡೆ.

ಅವರು ನನ್ನ ಮಾನ ಉಳಿಸಿದರು. ಆಗಲೂ ನನಗೆ ಮೊದಲು ಬಂದದ್ದು ಕೃತಜ್ಞತೆಯಲ್ಲ. ಈ ಹೆಂಗಸಿಗೆ ಇಷ್ಟು ದೊಡ್ಡ ಮನಸ್ಸೂ ಇದೆಯಲ್ಲ, ಅದೂ ಇವರ ಪಾಲಿಗೇ ಬಂತಲ್ಲ ಅನ್ನಿಸಿತು.

ಮಾರನೆಯ ದಿನ ಮೆಟ್ಟಿಲ ಬಳಿ ಎದುರಾದರು. "ಊಟಾತೇನ್ರಿ?" ಎಂದರು.

ರೀ. ನಾನು ಮೊದಲು ನನ್ನ ಹಿಂದೆ ಯಾರೋ ಇದ್ದಾರೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅಂದಿನಿಂದ 'ನೀ' ಹೋಗಿ 'ನೀವು' ಬಂತು. "ನಿಮ್ಮ ಪಾರ್ಸೆಲ್ ಬಂದೈತ್ರಿ." "ನೀರು ಬಂದಾವು, ತುಂಬಿಸ್ಕೋರಿ." ಸಿಟ್ಟಿಲ್ಲ, ಬಿಗುವಿಲ್ಲ, ಬ್ಯಾಂಕಿನವರ ಜೊತೆ ಮಾತಾಡುವಷ್ಟು ಮರ್ಯಾದೆ. ಹದಿನಾರು ದಿನ ತಡೆದೆ. ಹದಿನೇಳನೆಯ ದಿನ ಬೆಳಗ್ಗೆ ಕೆಳಗಿಳಿದು ಹೋಗಿ, ನಿಂತೇ ಹೇಳಿದೆ. ನಿರ್ದೇಶಕ ಹೆಸರು ಹಾಕಲು ಹೇಳಿದ್ದು, ನಾನು ಹಾಕದಿದ್ದದ್ದು, ಬೇಕೆಂದೇ ಹಾಕದಿದ್ದದ್ದು.

ಕಾಕು ಶೇಂಗಾ ಸಿಪ್ಪೆ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ.

"ಗೊತ್ತೈತ್ರಿ. ಅವತ್ತ ಗೊತ್ತಾತು."

"ಮತ್ತೆ ನೀವು ಅವರ ಮುಂದೆ ಹಾಗೆ..."

"ನಿಮ್ಮನ್ನ ಉಳಸಾಕಂತ ಹೇಳಿದೆ ಅನ್ಕೊಂಡ್ರೇನು?" ಈಗ ತಲೆಯೆತ್ತಿದರು. "ನನಗ ನಾಚಿಕಿ ಬಂತ್ರಿ. ಎಲ್ಲಾರಿಗೂ ಹೇಳ್ಕೊಂಡು ಬಂದಿದ್ದೆ, ನನ್ನ ಹೆಸರು ಬರತೈತಿ ಅಂತ. ಹಿಂದಿನ ಸಾಲಿಗಿ ಹೋಗಿ ಆರು ವರ್ಷ ಆತು. ತಾಳ ಬಡಕೋಂತ ಕುಂತೀನಿ. ನನಗ ಹೆಸರು ಬೇಕಿತ್ರಿ. ಭಾಳ ಬೇಕಿತ್ತು."

ನಾನು ಅವರನ್ನು ದೊಡ್ಡ ಮನಸ್ಸಿನವರು ಮಾಡಿ, ಅದಕ್ಕೂ ಉರಿದುಕೊಂಡು ಕೂತಿದ್ದೆ. ಅವರೂ ನನ್ನ ಹಾಗೇ, ಒಂದು ಸಾಲು ಹೆಸರಿಗೆ ಆಸೆಪಟ್ಟವರು. ನನ್ನ ಹೆಸರು ಅದಾಗಲೇ ನೂರಾರು ಸಲ ಪರದೆಗೆ ಬಂದಿತ್ತು, ಅವರದು ಬರಬೇಕಿದ್ದದ್ದು ಒಂದೇ ಒಂದು ಸಲ. ಅದನ್ನೇ ತೆಗೆದುಕೊಂಡಿದ್ದೆ.

ಅಲ್ಲಿಂದಲೇ ನಿರ್ದೇಶಕನಿಗೆ ಫೋನ್ ಹಚ್ಚಿದೆ. ಮುಂದಿನ ಸಿನಿಮಾದ ಕನ್ನಡವನ್ನೂ ನನಗೇ ಕೊಡುತ್ತೇನೆ, ಈ ಸಲ ಮೂಲದಲ್ಲೇ ನಿಮ್ಮ ಮಂತ್ರವಿರಲಿ ಎಂದು ಅವನು ಹಿಂದಿನ ವಾರವಷ್ಟೇ ಹೇಳಿದ್ದ. ಎಲ್ಲವನ್ನೂ ಹೇಳಿದೆ. "ನೇನು ಚೆಪ್ಪಾನು ಕದಾ ಸರ್" ಎಂದ. ನಾನು ಹೇಳಿದ್ದೆನಲ್ಲ ಸರ್, ಅಷ್ಟೇ. ಹೆಸರು ಸರಿಪಡಿಸಲು ಒಪ್ಪಿದ. ಮುಂದಿನ ಸಿನಿಮಾದ ಬಗ್ಗೆ ಆಮೇಲೆ ಮಾತಾಡೋಣ ಎಂದ. ಆ ಆಮೇಲೆ ಮುಂದೆ ಬರಲೇ ಇಲ್ಲ. ಅದನ್ನು ಬೇರೆ ಯಾರೋ ಬರೆದರು.

ಆ್ಯಪ್‌ನವರು ಹೊಸ ಪ್ರತಿ ಹಾಕುವುದಕ್ಕೆ ಒಂದು ತಿಂಗಳು ಹಿಡಿಯಿತು. ಬಂದ ದಿನ ಫೋನ್ ತೆಗೆದುಕೊಂಡು ಕೆಳಗೆ ಓಡಿದೆ. 'ಮಂತ್ರ ರಚನೆ ಮತ್ತು ದನಿ' ಎಂಬುದರ ಮುಂದೆ ಅವರ ಹೆಸರು, ಗಂಡನ ಮನೆಯ ಅಡ್ಡಹೆಸರಿನ ಸಮೇತ. ನಿಲ್ಲಿಸಿ ತೋರಿಸಿದೆ. ಕಾಕು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಅಕ್ಷರ ಸಣ್ಣ ಅದಾವು" ಎಂದರು. ಆಮೇಲೆ, "ಆ ಮಂದೀನ ಮತ್ತ ಕರೀಬೇಕಲ್ಲ."

ಮತ್ತೆ ಹನ್ನೊಂದು ಹೆಂಗಸರು, ಮತ್ತೆ ಚಾಪೆ. ಈ ಸಲ ಸಿನಿಮಾ ನೋಡಲು ಯಾರಿಗೂ ತಾಳ್ಮೆಯಿರಲಿಲ್ಲ, ನೇರವಾಗಿ ಹೆಸರಿಗೇ ಓಡಿಸಿದರು. ಚಪ್ಪಾಳೆ ತಟ್ಟಿದರು. ಯಾರೋ "ಒಮ್ಮಿ ಕರೀಯವ್ವ" ಎಂದರು. ಕಾಕು ಬಾವಿಯನ್ನು ಕರೆಯಲಿಲ್ಲ. ಕಣ್ಣುಮುಚ್ಚಿ, ಆರು ವರ್ಷ ಹಾಡದ ಒಂದು ಭಜನೆ ಎತ್ತಿದರು. ಶ್ರುತಿ ನಿಲ್ಲಲಿಲ್ಲ. ದನಿ ಎರಡಾಗಿ ಸೀಳಿ, ಒಂದು ವಿಠಲನನ್ನು ಬೇಡಿದರೆ ಇನ್ನೊಂದು ಅವನೊಡನೆ ಜಗಳ ತೆಗೆದಂತಿತ್ತು. ಮುಖ್ಯಸ್ಥೆ ಕೂತಲ್ಲಿಂದ ಬಗ್ಗಿ ತಾಳ ಕೈಗೆತ್ತಿಕೊಂಡರು. ನಾನು ಬಾಗಿಲಲ್ಲಿ ನಿಂತಿದ್ದೆ. ನನ್ನ ಯಾವ ಸಾಲಿಗೂ ಹನ್ನೊಂದು ಜನ ಹಾಗೆ ಮೌನವಾದದ್ದಿಲ್ಲ ಎಂದು ನೆನೆಸಿ ಒಳಗೊಳಗೇ ಮತ್ತೆ ಉರಿಯಿತು. ತಪ್ಪು ಒಪ್ಪಿಕೊಂಡರೆ ಅದು ಹೋಗುತ್ತದೆ ಎಂದುಕೊಂಡಿದ್ದೆ.

ಎಲ್ಲರೂ ಹೋದ ಮೇಲೆ ನಾನು ಚಪ್ಪಲಿ ಮೆಟ್ಟುತ್ತಿದ್ದೆ.

"ಎಲ್ಲಿ ಹೊಂಟಿ? ಮಾರಿ ನೋಡು ಹೆಂಗಾಗೇತಿ. ಕುಂದ್ರು, ಉಂಡು ಹೋಗು" ಎಂದರು ಕಾಕು.

ನಾನು ಗೋಡೆಗೆ ಮುಖ ಮಾಡಿ ಚಪ್ಪಲಿ ಬಿಚ್ಚಲು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ.

ಆಮೇಲಿನ ಒಂದೂವರೆ ವರ್ಷ ನಾನು ಬರೆದದ್ದನ್ನೆಲ್ಲ ಮೊದಲು ಕೆಳಗೆ ಒಯ್ದು ಓದುತ್ತಿದ್ದೆ. ಅವರು ಕೆಲಸ ಮಾಡುತ್ತಲೇ ಕೇಳುವರು. ಹೊಗಳಿದ್ದು ಕಡಿಮೆ. "ಇದು ಯಾರ ಮುಂದ ನಿಂತು ಹೇಳಾಕತ್ತಾಳ? ಮಾವನ ಮುಂದೋ, ಗಂಡನ ಮುಂದೋ?" ಎಂದು ಕೇಳುವರು. ನಾನು ಅದನ್ನು ಯೋಚಿಸಿಯೇ ಇರುತ್ತಿರಲಿಲ್ಲ. ಸೀರಿಯಲ್ಲಿನ ಅತ್ತೆಯೊಬ್ಬಳಿಗೆ ನಾನು ಬರೆದ ಅರ್ಧ ಪುಟದ ಬೈಗುಳ ಕೇಳಿ, "ಇಷ್ಟು ಮಾತಾಡೋ ಅತ್ತಿ ಕೆಟ್ಟಾಕಿ ಅಲ್ಲೋ. ಮಾತು ಬಿಟ್ಟಾಕಿನ್ನ ನೋಡು" ಎಂದಿದ್ದರು. ಅದನ್ನು ಹರಿದು, ಅತ್ತೆಗೆ ಒಂದೇ ಒಂದು 'ರೀ' ಕೊಟ್ಟೆ. ಆ ಸೀರಿಯಲ್ಲಿನ ತುಟಿಗೂ ಅದು ಕೂಡಿತು. ಇಂದು ನಾನು ನಾಲ್ಕು ಜನ ಒಪ್ಪುವ ಸಂಭಾಷಣೆ ಬರೆದಿದ್ದರೆ, ಅದು ಆ ಕೋಣೆಯ ನೆಲದಲ್ಲಿ ಕಲಿತದ್ದು.

ಕಳೆದ ವರ್ಷ ಕಾಕುವಿಗೆ ಉಸಿರಿನ ತೊಂದರೆ ಶುರುವಾಯಿತು. ಮಗಳು ಮಿಯಾಪುರಕ್ಕೆ ಕರೆದೊಯ್ದಳು. ಭಾನುವಾರಗಳಂದು ಹೋಗಿ ಬರುತ್ತಿದ್ದೆ. ಒಂಬತ್ತನೆಯ ಮಹಡಿಯ ಕಿಟಕಿಯಿಂದ ಯಾವ ಬೋರ್ಡೂ ಓದಲು ಸಿಗದೆಂಬುದೇ ಅವರ ದೊಡ್ಡ ದೂರಾಗಿತ್ತು. ಶ್ರಾವಣ ಬರುವ ಮೊದಲು, ಒಂದು ಬುಧವಾರ ಬೆಳಗ್ಗೆ ತೀರಿಕೊಂಡರು.

ಕನ್ನಡ ಸಂಘದ ತಿಂಗಳ ಪತ್ರಿಕೆಗೆ ಶ್ರದ್ಧಾಂಜಲಿಯ ನಾಲ್ಕು ಸಾಲು ಬರೆದುಕೊಡಲು ನನಗೇ ಹೇಳಿದರು. ಮಗಳ ಮನೆಯ ಊಟದ ಮೇಜಿನಲ್ಲಿ ಕೂತು ಬರೆದೆ. ಹುಟ್ಟಿದ ಊರು, ಗಂಡ, ಮಗಳು, ಭಜನಾ ಮಂಡಳಿ. ಕೊನೆಗೆ, ಇಂಥ ಸಿನಿಮಾದ ಮಂತ್ರವನ್ನು ರಚಿಸಿ ಅದಕ್ಕೆ ದನಿಯಾದವರು, ಎಂದು ಸೇರಿಸಿದೆ. ಅಳಿಯ ಹಿಂದೆ ನಿಂತು ಓದಿದರು. ಒಳ್ಳೆಯ ಮನುಷ್ಯ, ಮೆಲುದನಿಯವರು.

"ದೆವ್ವದ ಸಿನಿಮಾ ಯಾಕ್ರಿ ಇದರಾಗ? ದೇವರ ಭಜನಿ ಮಾಡಿದವರು. ಅದೊಂದು ಸಾಲು ತಗದ್ರ ಛಲೋ ಕಾಣ್ತೈತಿ."

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಮಗಳು ಬಂದಳು. ಅತ್ತು ಅತ್ತು ಅವಳ ದನಿಯೂ ಒಡೆದಿತ್ತು.

"ತಗೀಬ್ಯಾಡ್ರಿ ಅಣ್ಣಾ. ಅದನ್ನ ಮೊದಲಿನ ಸಾಲಿಗಿ ಹಾಕ್ರಿ. ಅವ್ವಗ ಬೇಕಾಗಿತ್ತು."

ಹಾಕಿದೆ. ಮೊದಲಿನ ಸಾಲಿಗೇ, ಹೆಸರಿನ ಪಕ್ಕದಲ್ಲೇ. ಈ ಬರಹದಲ್ಲಿ ಮಾತ್ರ ಕಾಕು ಎಂದಷ್ಟೇ ಬರೆದಿದ್ದೇನೆ. ಬದುಕಿದ್ದಾಗ ಹೆಸರು ಹಿಡಿದು ಕರೆದವನಲ್ಲ, ಈಗ ಕರೆಯಲು ಬಾಯಿ ಬರುವುದಿಲ್ಲ. ಆ ಹೆಸರು ಇರಬೇಕಾದ ಎರಡು ಕಡೆ, ಸಿನಿಮಾದ ಕೊನೆಯಲ್ಲೂ ಪತ್ರಿಕೆಯಲ್ಲೂ, ಇದೆ.

ಪತ್ರಿಕೆ ಬಂದ ವಾರ ತುಂಬ ಜನ ಫೋನ್ ಮಾಡಿದರು. ಆ ದನಿ ಇವರದಾಗಿತ್ತೇ, ನಮ್ಮ ನಾರಾಯಣಗೂಡದಲ್ಲೇ ಇದ್ದರೇ, ಮೊದಲೇ ಗೊತ್ತಿದ್ದರೆ ಹೋಗಿ ನೋಡುತ್ತಿದ್ದೆವು ಎಂದರು. ಆ ನಾಲ್ಕು ಸಾಲು ಬರೆದವರು ಯಾರೆಂದು ಒಬ್ಬರೂ ಕೇಳಲಿಲ್ಲ. ಕೇಳಲಿಲ್ಲ ಎಂಬುದನ್ನು ನಾನು ಗಮನಿಸಿದೆ.